ಒಳ್ಳೆಯ ಕಾಂಡೋಮ್ ಬಡವನ ಹಕ್ಕು

(ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಗಳಲ್ಲಿ ಗಿರಣಿ ಕಾಮಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಗಳಲ್ಲಿ ಮಾಡಿದ ಭಾಷಣ)

ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಕೂಲಿಯ ದರ, ಬೋನಸ್ಸು, ಮಾರುಕಟ್ಟೆಯ ತೂಕ, ಹಮಾಲಿ ಇವುಗಳ ಮಾತು ನಡೆಯುತ್ತದೆ. ಈ ಸಲ ಕಾಂಡೋಮಿನ ಬಗ್ಗೆ ಮಾತಾಡುತ್ತೇವೆ ಎಂದು ತಿಳಿಸಿದಾಗ ಕೆಲವರು ನಕ್ಕರು, ಕೆಲವರು ತಲೆ ತಗ್ಗಿಸಿದರು. ನಗುವವರು ನಗಲಿ. ಮನೆಯಲ್ಲಿ ಮಕ್ಕಳೆಷ್ಟು, ಹೆತ್ತವಳ ಮೈಯಲ್ಲಿ ರಕ್ತವೆಷ್ಟು, ಊರೂರು ತಿರುಗಿ ಬಂದ ಗಂಡ ಯಾವ ರೋಗವನ್ನು ಮನೆಗೆ ತಂದ, ಇವೆಲ್ಲ ಕೂಲಿಯಷ್ಟೇ ದೊಡ್ಡ ಪ್ರಶ್ನೆಗಳು. ನಾಚಿಕೆಯಿಂದ ಯಾವ ಕೂಸಿನ ಹೊಟ್ಟೆಯೂ ತುಂಬುವುದಿಲ್ಲ.

ಮೊದಲು ಲೆಕ್ಕ ನೋಡೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇಕಡಾ 57.4 ಮಂದಿ ಸಂತಾನಹರಣ ಆಪರೇಶನ್ ಮಾಡಿಸಿಕೊಂಡವರು. ಗಂಡಸಿನ ಆಪರೇಶನ್ ಇದಕ್ಕಿಂತ ಚಿಕ್ಕದು, ಸುಲಭವಾದದ್ದು. ಆದರೆ ಇಡೀ ದೇಶದಲ್ಲಿ ಅದರ ಪಾಲು ಶೇಕಡಾ 0.3. ಕಾಂಡೋಮಿನ ಪಾಲು ಶೇಕಡಾ 9.5. ಅಂದರೆ ಸಂಸಾರ ಇಬ್ಬರದು, ಕತ್ತರಿ ಒಬ್ಬಳ ಹೊಟ್ಟೆಗೆ! ಸಾಲದ್ದಕ್ಕೆ ಆಪರೇಶನ್ ಬಸಿರನ್ನು ತಡೆಯುತ್ತದೆಯೇ ಹೊರತು ರೋಗವನ್ನು ತಡೆಯುವುದಿಲ್ಲ. ಆಪರೇಶನ್ ಆದ ಹೆಂಗಸಿಗೂ ಗಂಡನಿಂದ ಎಚ್‌ಐವಿ ಬರಬಹುದು. ಬಸಿರು ಮತ್ತು ರೋಗ ಎರಡಕ್ಕೂ ಏಕಕಾಲಕ್ಕೆ ಅಡ್ಡ ನಿಲ್ಲುವ ಸಾಧನ ಕಾಂಡೋಮ್ ಒಂದೇ.

ಹಾಗಾದರೆ ಗಂಡಸರು ಅದನ್ನು ಏಕೆ ಮುಟ್ಟುವುದಿಲ್ಲ? ಅಧಿಕಾರಿಗಳ ಉತ್ತರ ಸಿದ್ಧವಾಗಿರುತ್ತದೆ: ಜನ ಅನಕ್ಷರಸ್ಥರು, ಹಠಮಾರಿಗಳು. ರಾಣೆಬೆನ್ನೂರಿನ ಸಭೆಯಲ್ಲಿ ಒಬ್ಬ ಕಾಮಗಾರ ಎದ್ದು ನಿಂತು, "ಮಾಸ್ತರ, ಹಾಕ್ಕೊಂಡ್ರ ಜಾರತೈತಿ, ಇಲ್ಲಂದ್ರ ಹರೀತೈತಿ. ಇದರಾಗ ನಮ್ಮ ತಪ್ಪೇನೈತ್ರಿ?" ಎಂದು ಕೇಳಿದ. ಈ ಪ್ರಶ್ನೆಗೆ ಉಪದೇಶ ಉತ್ತರವಲ್ಲ.

ಅಮೆರಿಕದ ತಜ್ಞರು ಹಾಕಿದ ಲೆಕ್ಕವೊಂದಿದೆ. ಪ್ರತಿ ಸಲವೂ ಸರಿಯಾಗಿ ಬಳಸಿದರೆ, ಕಾಂಡೋಮನ್ನು ನಂಬಿದ 100 ಮಂದಿ ಹೆಂಗಸರಲ್ಲಿ ಒಂದು ವರ್ಷಕ್ಕೆ 2 ಮಂದಿ ಬಸಿರಾಗುತ್ತಾರೆ. ಆದರೆ ಜನಸಾಮಾನ್ಯರು ನಿಜವಾಗಿ ಬಳಸುವ ರೀತಿಯಲ್ಲಿ 13 ಮಂದಿ ಬಸಿರಾಗುತ್ತಾರೆ. 2 ಎಲ್ಲಿ, 13 ಎಲ್ಲಿ! ನಡುವಿನ ಈ 11 ಮಂದಿಯ ಕಥೆಯೇ ಇಂದಿನ ನಮ್ಮ ವಿಷಯ. ಮರೆವು, ಅವಸರ, ಕುಡಿತ ಇವೂ ಅದರಲ್ಲಿ ಸೇರಿವೆ, ನಿಜ. ಆದರೆ ಅಳತೆ, ಪಸೆ, ಪೊಟ್ಟಣ, ದಾಸ್ತಾನು ಇವೂ ಸೇರಿವೆ. ಮಗ್ಗದಲ್ಲಿ ನೂಲು ಪದೇ ಪದೇ ಹರಿದರೆ ಜಾಣ ಮೇಸ್ತ್ರಿ ನೇಕಾರನನ್ನು ಬಯ್ಯುವ ಮೊದಲು ನೂಲನ್ನೂ ಮಗ್ಗವನ್ನೂ ನೋಡುತ್ತಾನೆ.

ಈ ವಸ್ತು ನಮ್ಮ ನಾಡಿಗೆ ಬಂದ ದಾರಿಯನ್ನು ತಿಳಿಯಬೇಕು. 1930ರ ಜೂನ್ 11ರಂದು ಮೈಸೂರು ಸಂಸ್ಥಾನದ ಸರಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಮಾಡಿತು. ಸರಕಾರವೇ ಇಂಥ ಕೆಲಸಕ್ಕೆ ಇಳಿದದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ನಮ್ಮ ಈ ಮೂರು ಊರುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು; ಆ ಸೌಲಭ್ಯ ತುಂಗಭದ್ರೆಯ ಆಚೆ ದಡದಲ್ಲೇ ಉಳಿಯಿತು. 1968ರಲ್ಲಿ ಕೇಂದ್ರ ಸರಕಾರ 'ನಿರೋಧ್' ತಂದಿತು, 15 ಪೈಸೆಗೆ ಮೂರು. ಬ್ರೂಕ್ ಬಾಂಡ್, ಲಿಪ್ಟನ್, ಹಿಂದುಸ್ತಾನ್ ಲೀವರ್, ಯೂನಿಯನ್ ಕಾರ್ಬೈಡ್ ಮುಂತಾದ ಕಂಪನಿಗಳ ಮೂಲಕ ಚಹ, ಸಾಬೂನು, ಬ್ಯಾಟರಿಗಳ ಜೊತೆಯಲ್ಲಿ ಅದು ಕಿರಾಣಿ ಅಂಗಡಿಗೆ ಬಂತು. ಹಳ್ಳಿಗೆ ಅದನ್ನು ಮುಟ್ಟಿಸಿದವರು ಸಣ್ಣ ವ್ಯಾಪಾರಸ್ಥರು ಎಂಬುದನ್ನು ಇಲ್ಲಿ ಕೂತ ಅಂಗಡಿಕಾರರು ಹೆಮ್ಮೆಯಿಂದ ನೆನೆಯಬೇಕು. ಆದರೆ ಆಗಿನ ನಿರೋಧ್ ಒಣ ರಬ್ಬರು. ಜಾರುವ ಪಸೆ ಹಚ್ಚಿದ್ದು ಬಂದದ್ದು ಆಮೇಲೆ. ಅಗ್ಗದ್ದು ಒರಟಾಗಿರಬೇಕು ಎಂಬ ನಂಬಿಕೆ ಆಗ ಹುಟ್ಟಿದ್ದು ಇನ್ನೂ ಸತ್ತಿಲ್ಲ.

ಸರಕಾರದ ಹಿಂದುಸ್ತಾನ್ ಲೇಟೆಕ್ಸ್ ಕಂಪನಿ 1966ರಲ್ಲಿ ಸ್ಥಾಪನೆಯಾಯಿತು. ಜಪಾನಿನ ಒಕಾಮೊಟೊ ಕಂಪನಿಯ ತಾಂತ್ರಿಕ ನೆರವಿನಿಂದ 1969ರಲ್ಲಿ ತಿರುವನಂತಪುರದಲ್ಲಿ ಉತ್ಪಾದನೆ ಆರಂಭಿಸಿತು. 1985ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಅದರ ಕಾರ್ಖಾನೆ ತೆರೆಯಿತು. ಕೆಲಸದ ಕ್ರಮ ಹೀಗೆ: ಗಾಜಿನ ಅಚ್ಚುಗಳನ್ನು ರಬ್ಬರಿನ ಹಾಲಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಆಮೇಲೆ ಪ್ರತಿಯೊಂದನ್ನೂ ವಿದ್ಯುತ್ತಿನಿಂದ ಪರೀಕ್ಷಿಸಿ ತೂತು ಹುಡುಕುತ್ತಾರೆ. ಪ್ರತಿ ರಾಶಿಯಿಂದ ಮಾದರಿ ತೆಗೆದು 300 ಮಿಲಿಲೀಟರು ನೀರು ತುಂಬಿಸಿ ನೋಡುತ್ತಾರೆ. ಗಾಳಿ ಊದಿ ನೋಡುತ್ತಾರೆ. ಅಂತಾರಾಷ್ಟ್ರೀಯ ಮಾನಕದಂತೆ ನಡು ಅಗಲದ ಕಾಂಡೋಮು ಒಡೆಯುವ ಮುನ್ನ ಕನಿಷ್ಠ 18 ಲೀಟರು ಗಾಳಿ ಹಿಡಿಯಬೇಕು, ಹಳೆಯ ಸೀಮೆಎಣ್ಣೆ ಡಬ್ಬಿ ತುಂಬುವಷ್ಟು! ಆದ್ದರಿಂದ ಕಾರ್ಖಾನೆ ಬಿಡುವಾಗ ಮಾಲು ಗಟ್ಟಿಯೇ ಇರುತ್ತದೆ. ಕೆಡುವುದು ಆಮೇಲೆ.

ಒಂದನೆಯದು ಝಳ. ಬ್ಯಾಡಗಿಯ ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನಕಾಯಿಯ ಬಣ್ಣ ಮಾಸಬಾರದೆಂದು ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿಡುತ್ತೀರಿ. ರಬ್ಬರೂ ಹಾಗೆಯೇ, ಬಿಸಿಲು, ಝಳ, ಗಾಳಿ ಅದರ ಬಲವನ್ನು ತಿನ್ನುತ್ತವೆ. ತಗಡಿನ ಸೂರಿನ ಕೋಣೆಯಲ್ಲಿ ಬಿದ್ದ ಪೆಟ್ಟಿಗೆ, ಲಾರಿಯ ಗಾಜಿನ ಹಿಂದೆ ಒಣಗಿದ ಪೊಟ್ಟಣ, ಅಂಗಿಯ ಜೇಬಿನಲ್ಲಿ ತಿಂಗಳುಗಟ್ಟಲೆ ಮಡಿಚಿಟ್ಟದ್ದು, ಇವನ್ನು ನಂಬಬಾರದು. ಮಾನಕದ ಪ್ರಕಾರ ಬಾಳಿಕೆ ಹೆಚ್ಚೆಂದರೆ 5 ವರ್ಷ. ಪೊಟ್ಟಣದ ಮೇಲಿನ ತಾರೀಖು ನೋಡಿ ಕೊಳ್ಳಿರಿ, ನೋಡಿ ಮಾರಿರಿ.

ಎರಡನೆಯದು ಎಣ್ಣೆ. ಪಸೆ ಸಾಲದೆಂದು ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚುವವರಿದ್ದಾರೆ. ಎಣ್ಣೆ ಲೇಟೆಕ್ಸ್ ರಬ್ಬರಿಗೆ ವಿಷ. 1989ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಖನಿಜ ತೈಲ ತಾಗಿದ 60 ಸೆಕೆಂಡುಗಳಲ್ಲೇ ಕಾಂಡೋಮಿನ ಬಲ ಸುಮಾರು ಶೇಕಡಾ 90ರಷ್ಟು ಇಳಿದಿತ್ತು. ಬೇಕಾದರೆ ನೀರಿನ ಅಥವಾ ಸಿಲಿಕೋನಿನ ಜೆಲ್ಲಿ ಬಳಸಬೇಕು. ಕಾರ್ಖಾನೆಯೇ ಸಾಕಷ್ಟು ಪಸೆ ಹಚ್ಚಿ ಕೊಟ್ಟರೆ ಬಡವ ಅಡುಗೆಮನೆಗೆ ಹೋಗುವ ಪ್ರಸಂಗವೇ ಬರುವುದಿಲ್ಲ.

ಮೂರನೆಯದು ಅಳತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1,200ಕ್ಕೂ ಹೆಚ್ಚು ಗಂಡಸರ ಅಳತೆ ತೆಗೆಸಿತ್ತು. ಅಂತಾರಾಷ್ಟ್ರೀಯ ಅಳತೆಯ ಕಾಂಡೋಮು ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದೊಡ್ಡದಾಗುತ್ತದೆ ಎಂದು 2006ರಲ್ಲಿ ಸುದ್ದಿ ಬಂದಾಗ ಪರದೇಶದ ಪತ್ರಿಕೆಗಳು ನಕ್ಕವು. ನಗುವಂಥದ್ದೇನಿದೆ? ಚಪ್ಪಲಿ ಕೊಳ್ಳುವಾಗ ನಂಬರು ಕೇಳುತ್ತೇವೆ. ದೊಡ್ಡದಾದರೆ ಜಾರುತ್ತದೆ, ಬಿಗಿಯಾದರೆ ಹರಿಯುತ್ತದೆ. ಅಮೆರಿಕದಲ್ಲಿ ಹತ್ತಾರು ಅಳತೆಗಳಲ್ಲಿ ಕಾಂಡೋಮು ಮಾರುವ ಕಂಪನಿ ಇದೆ. ನಮಗೆ ಅಷ್ಟು ಬೇಡ, ಮೂರು ಸಾಕು.

ಮೇಲಾದದ್ದನ್ನು ಹುಡುಕುವ ಪ್ರಯತ್ನ ಜಗತ್ತಿನಲ್ಲಿ ನಡೆದೇ ಇದೆ. ಜನ ಇಷ್ಟಪಟ್ಟು ಬಳಸುವಂಥ ಹೊಸ ಕಾಂಡೋಮು ಬೇಕೆಂದು ಗೇಟ್ಸ್ ಪ್ರತಿಷ್ಠಾನ 2013ರಲ್ಲಿ ಕರೆಕೊಟ್ಟು, 11 ತಂಡಗಳಿಗೆ ತಲಾ 1 ಲಕ್ಷ ಡಾಲರು ಕೊಟ್ಟಿತು. ಆಮೇಲೆ ನಮ್ಮ ಹಿಂದುಸ್ತಾನ್ ಲೇಟೆಕ್ಸಿಗೂ, ಈಗ ಅದರ ಹೆಸರು ಎಚ್‌ಎಲ್‌ಎಲ್ ಲೈಫ್‌ಕೇರ್, ರಬ್ಬರಿಗೆ ಗ್ರಾಫೀನ್ ಎಂಬ ಇಂಗಾಲದ ಪದರು ಸೇರಿಸುವ ಸಂಶೋಧನೆಗೆ ಇದೇ ನೆರವು ಸಿಕ್ಕಿತು. ಆಸ್ಟ್ರೇಲಿಯದ ವೊಲಾಂಗಾಂಗ್ ವಿಶ್ವವಿದ್ಯಾಲಯ ರಬ್ಬರನ್ನೇ ಬಿಟ್ಟು ನೀರು ತುಂಬಿದ ಹೈಡ್ರೋಜೆಲ್ ಹಿಡಿಯಿತು. ಜಪಾನಿನಲ್ಲಿ ಪಾಲಿಯುರೆಥೇನಿನ ಅತಿ ತೆಳುವಾದ ಕಾಂಡೋಮು ಮಾರಾಟಕ್ಕೆ ಬಂತು. ಅದು ಮೈಯ ಬಿಸಿಯನ್ನು ರಬ್ಬರಿಗಿಂತ ಚೆನ್ನಾಗಿ ದಾಟಿಸುತ್ತದೆ. ಆದರೆ ಪಾಲಿಯುರೆಥೇನಿನ ಮೊದಲ ಕಾಂಡೋಮುಗಳು ಲೇಟೆಕ್ಸಿಗಿಂತ ಹೆಚ್ಚು ಹರಿದವು ಎಂಬುದನ್ನೂ ಹೇಳಬೇಕು. ಹೆಂಗಸರೇ ಧರಿಸುವ ಕಾಂಡೋಮನ್ನು ಡೆನ್ಮಾರ್ಕಿನ ವೈದ್ಯ ಲಾಸೆ ಹೆಸೆಲ್ ರೂಪಿಸಿದರು. ಈಗ ಅದು ನಮ್ಮ ದೇಶದಲ್ಲೂ ತಯಾರಾಗುತ್ತದೆ. ಗಂಡ ಒಲ್ಲೆನೆಂದರೂ ಹೆಂಡತಿಯ ಕೈಯಲ್ಲಿ ಒಂದು ಸಾಧನವಿರುತ್ತದೆ. ಬೆಲೆ ಮಾತ್ರ ಬಡವರ ಕೈಗೆಟುಕುವಂತಿಲ್ಲ.

ಹೆದ್ದಾರಿಯ ಬದಿಯ ಊರುಗಳಾದ ನಮಗೆ ರೋಗದ ಮಾತೂ ದೂರದ್ದಲ್ಲ. ಹತ್ತಿ, ಮೆಣಸಿನಕಾಯಿ, ಬೀಜ ತುಂಬಿದ ಲಾರಿಗಳ ಜೊತೆಗೆ ವಾರಗಟ್ಟಲೆ ಮನೆ ಬಿಟ್ಟ ಗಂಡಸರೂ ತಿರುಗುತ್ತಾರೆ. ಪ್ರತಿ ಸಲವೂ ಕಾಂಡೋಮು ಬಳಸಿದರೆ ಎಚ್‌ಐವಿಯ ಅಪಾಯ ಸುಮಾರು ಶೇಕಡಾ 80ರಷ್ಟು ತಗ್ಗುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯ ಹೆಂಗಸರು ಆಶೋದಯ ಸಮಿತಿ ಕಟ್ಟಿಕೊಂಡು ಈ ಮಾತನ್ನು ಗಿರಾಕಿಗಳ ಎದುರು ಧೈರ್ಯವಾಗಿ ಆಡಿದರು. ಆ ಹೆಂಗಸರಿಗಿರುವ ಎದೆಗಾರಿಕೆ ಸಂಸಾರಸ್ಥ ಗಂಡಸರಿಗೆ ಇಲ್ಲವೇ?

ಆದುದರಿಂದ ನಮ್ಮ ಬೇಡಿಕೆಗಳು ಇವು. ಸರಕಾರ ಕಾಂಡೋಮು ಕೊಳ್ಳುವಾಗ ದರವೊಂದನ್ನೇ ನೋಡದೆ ಪಸೆ, ಅಳತೆ, ಪೊಟ್ಟಣವನ್ನೂ ನೋಡಲಿ. ಪುಕ್ಕಟೆ ಕೊಡುವುದನ್ನೂ ಮೂರು ಅಳತೆಗಳಲ್ಲಿ ಕೊಡಲಿ. ಪೊಟ್ಟಣ ಕತ್ತಲೆಯಲ್ಲೂ ಸುಲಭವಾಗಿ ಹರಿಯುವಂತಿರಲಿ. ಬಳಸುವ ಕ್ರಮ ಕನ್ನಡದಲ್ಲಿ, ಚಿತ್ರಸಹಿತ ಇರಲಿ. ಆರೋಗ್ಯ ಕೇಂದ್ರದ ದಾಸ್ತಾನು ತಂಪಾದ ಕೋಣೆಯಲ್ಲಿರಲಿ. ಗಿರಣಿಯ ಬಾಗಿಲಲ್ಲಿ, ಲಾರಿ ನಿಲ್ದಾಣದಲ್ಲಿ, ಮಾರುಕಟ್ಟೆಯ ಅಂಗಳದಲ್ಲಿ ಯಾರ ಮುಖವನ್ನೂ ನೋಡದೆ ಎತ್ತಿಕೊಳ್ಳುವಂಥ ಪೆಟ್ಟಿಗೆಗಳಿರಲಿ. ಆಶಾ ಕಾರ್ಯಕರ್ತೆ ಗಂಡಸಿನ ಕೈಗೆ ಇದನ್ನು ಕೊಡಲು ಸಂಕೋಚಪಡುವುದು ಸಹಜ. ಆ ಕೆಲಸಕ್ಕೆ ಗಂಡಸು ಕಾರ್ಯಕರ್ತರನ್ನೂ ನೇಮಿಸಲಿ.

ವ್ಯಾಪಾರಸ್ಥರಲ್ಲಿ ಒಂದು ವಿನಂತಿ: ಇದನ್ನು ಕರಿಯ ಚೀಲದಲ್ಲಿ ಸುತ್ತಿ, ಕಳ್ಳಮಾಲು ಕೊಟ್ಟಂತೆ ಕೊಡಬೇಡಿರಿ. ಕಾಮಗಾರ ಬಂಧುಗಳೇ, ಹರಿದರೆ, ಜಾರಿದರೆ ಸುಮ್ಮನಿರಬೇಡಿರಿ. ಪೊಟ್ಟಣದ ಮೇಲಿನ ರಾಶಿಯ ಸಂಖ್ಯೆ ಸಹಿತ ಆರೋಗ್ಯ ಕೇಂದ್ರಕ್ಕೆ ಬರೆದು ಕೊಡಿರಿ. ತೂಕ ಕಡಿಮೆಯಾದರೆ ಜಗಳಾಡುವ ನಾವು ಇದರಲ್ಲಿ ಏಕೆ ಬಾಯಿ ಕಟ್ಟಿಕೊಳ್ಳಬೇಕು?

ಇಂದು ರಾತ್ರಿ ಮನೆಗೆ ಹೋಗಿ ಹೆಂಡತಿಯೊಡನೆ ಈ ವಿಷಯ ಮಾತಾಡಿರಿ. ಅವಳನ್ನು ಆಪರೇಶನ್ ಮೇಜಿನ ಮೇಲೆ ಮಲಗಿಸುವ ಮುನ್ನ, ನಾನು ಹೊರಬೇಕಾದ ಭಾರ ಯಾವುದು ಎಂದು ಒಮ್ಮೆ ಕೇಳಿಕೊಳ್ಳಿರಿ.