ಹರೆಯದ ಪ್ರೀತಿ, ಮನಸ್ಸಿನ ಆರೋಗ್ಯ ಮತ್ತು ಮನೆಯವರ ಜವಾಬ್ದಾರಿ

(ಒಳರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸ)



ಬಿ.ಪಿ., ಸಕ್ಕರೆ ಕಾಯಿಲೆ, ಮೊಣಕಾಲು ನೋವಿನ ಬಗ್ಗೆ ಆಸ್ಪತ್ರೆಯಲ್ಲಿ ಮಾತನಾಡುವುದು ಸುಲಭ. ಪ್ರೀತಿ-ಪ್ರೇಮದ ಮಾತು ತೆಗೆದರೆ ಹಿರಿಯರು ಮುಖ ತಿರುಗಿಸುತ್ತಾರೆ, ಹುಡುಗರು ತಲೆ ತಗ್ಗಿಸುತ್ತಾರೆ. ಆದರೂ ಇದು ಆಸ್ಪತ್ರೆಯಲ್ಲಿ ಆಡಲೇಬೇಕಾದ ಮಾತು. ಮನೆಯಲ್ಲಿ ಹೇಳಲಾಗದ ದುಃಖ ತಲೆನೋವು, ಎದೆಬಡಿತ, ನಿದ್ದೆಗೇಡು, ಊಟ ಸೇರದಿರುವುದು ಎಂಬ ರೂಪದಲ್ಲಿ ವೈದ್ಯರ ಮುಂದೆ ಬರುತ್ತದೆ. ಕೆಲವು ಸಲ ಅದಕ್ಕಿಂತ ಕೆಟ್ಟ ರೂಪದಲ್ಲಿ, ನಡುರಾತ್ರಿ, ಬಾಡಿಗೆ ಗಾಡಿಯಲ್ಲಿ ಬರುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು 18ರಿಂದ 30ರೊಳಗಿನ ವಯಸ್ಸಿನವರು. ಪ್ರೇಮ ಪ್ರಕರಣವೇ ಕಾರಣವೆಂದು ದಾಖಲಾದದ್ದು ನೂರಕ್ಕೆ 4.5. ಕೌಟುಂಬಿಕ ಸಮಸ್ಯೆ ಎಂದು ದಾಖಲಾದದ್ದು ನೂರಕ್ಕೆ 31.7. ಪ್ರೀತಿ ಮುರಿದ ನೋವಿನ ಜೊತೆಗೆ ಮನೆಯೊಳಗಿನ ಮಾತು ಹೇಗಿದೆ ಎಂಬುದನ್ನೂ ನೋಡಬೇಕೆಂದು ಈ ಅಂಕಿಗಳು ನಮಗೆ ನೆನಪಿಸುತ್ತವೆ.

ರೋಣ, ನರಗುಂದ, ಗಜೇಂದ್ರಗಡ ಭಾಗದ ಮಕ್ಕಳು ಓದಲು ಗದಗ, ಹುಬ್ಬಳ್ಳಿ, ಧಾರವಾಡಕ್ಕೆ ಹೋಗುತ್ತಾರೆ. ದುಡಿಯಲು ಗೋವಾ, ಮಂಗಳೂರು, ಬೆಂಗಳೂರು ಸೇರುತ್ತಾರೆ. ಊರು ಬಿಟ್ಟ ಮನಸ್ಸು ತನ್ನವರೆಂಬ ಒಂದು ಜೀವವನ್ನು ಹುಡುಕುವುದು ಸಹಜ. ಅದು ರೋಗವೂ ಅಲ್ಲ, ಕೆಟ್ಟ ಚಾಳಿಯೂ ಅಲ್ಲ. ಆದರೆ ಮೆದುಳಿನಲ್ಲಿ ದುಡುಕನ್ನು ತಡೆಯುವ ಮುಂಭಾಗ ಸುಮಾರು 25 ವರ್ಷದವರೆಗೂ ಬಲಿಯುತ್ತಲೇ ಇರುತ್ತದೆ. ಎಳೆ ಹೋರಿಗೆ ಓಟ ಹೆಚ್ಚು, ಹಗ್ಗದ ಹಿಡಿತ ಕಡಿಮೆ ಇದ್ದಂತೆ. ಆದ್ದರಿಂದ ಈ ವಯಸ್ಸಿನಲ್ಲಿ ಸಂತೋಷವೂ ಜೋರು, ಪೆಟ್ಟೂ ಜೋರು.

ತಮ್ಮ-ತಂಗಿಯರೇ, ಒಳ್ಳೆಯ ಸಂಬಂಧದ ಗುರುತು ಸರಳ. ಅದರಲ್ಲಿ ನಿಮ್ಮ ಓದು, ಕೆಲಸ, ಗೆಳೆತನ, ನಿದ್ದೆ ಕೆಡುವುದಿಲ್ಲ. 'ಬೇಡ' ಎನ್ನಲು ಹೆದರಿಕೆ ಇರುವುದಿಲ್ಲ. ನಿಮ್ಮ ಮೊಬೈಲನ್ನು ದಿನಾ ತಪಾಸಣೆ ಮಾಡುವುದು, ಗೆಳೆಯರಿಂದ ದೂರ ಮಾಡುವುದು, ಫೋಟೋ ತೋರಿಸಿ ಬೆದರಿಸುವುದು, 'ನೀನು ಬಿಟ್ಟರೆ ಸಾಯುತ್ತೇನೆ' ಎಂದು ಕಟ್ಟಿಹಾಕುವುದು ಪ್ರೀತಿಯ ಲಕ್ಷಣವಲ್ಲ. ಒಬ್ಬರು ಬೇಡವೆಂದ ಮೇಲೆ ಬೆನ್ನು ಹತ್ತುವುದೂ ಹಿಂಸೆಯೇ.

ಸಂಬಂಧ ಮುರಿದಾಗ ಅಳು ಬರುತ್ತದೆ, ಕೆಲವು ದಿನ ಊಟ ರುಚಿಸುವುದಿಲ್ಲ. ಈ ನೋವು ನಿಧಾನವಾಗಿ ಮಾಯುತ್ತದೆ. ಆದರೆ ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಕುಡಿತ ಶುರುವಾಗಿದ್ದರೆ ವೈದ್ಯರಿಗೆ ತೋರಿಸಬೇಕು. 'ನಾನಿದ್ದೇನು ಪ್ರಯೋಜನ' ಎಂಬ ಮಾತು ಬಂದರಂತೂ ಎರಡು ವಾರ ಕಾಯಬಾರದು, ಅಂದೇ ಕರೆತನ್ನಿ. ಸಾಯಬೇಕೆಂಬ ತೀವ್ರ ಭಾವನೆ ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರಿದ್ದರೆ ಜೀವ ಉಳಿಯುತ್ತದೆ.

ಈಗ ಹಿರಿಯರಿಗೆ ಒಂದು ಮಾತು. 2019ರ ನವೆಂಬರ್‌ನಲ್ಲಿ ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿದ್ದ ಗಂಡ-ಹೆಂಡತಿಯನ್ನು ಕೊಲ್ಲಲಾಯಿತು. 2025ರ ಜನವರಿಯಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಮರ್ಯಾದೆ ಉಳಿಸುತ್ತೇವೆಂದು ಹೊರಟ ಸಿಟ್ಟಿನಿಂದ ಎಷ್ಟು ಮನೆಗಳು ಮುರಿದವು, ನೀವೇ ಎಣಿಸಿ. ಮದುವೆಯ ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ ಅಥವಾ ಕುಲದವರ ಒಪ್ಪಿಗೆ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದೆ. ನಿಮಗೆ ಇಷ್ಟವಿಲ್ಲದಿದ್ದರೆ ಹೇಳಿ, ವಾದಿಸಿ, ಬೇಸರಪಟ್ಟುಕೊಳ್ಳಿ. ಕೈ ಎತ್ತಬೇಡಿ, ಕೂಡಿಹಾಕಬೇಡಿ, ಗಡಿಬಿಡಿಯಲ್ಲಿ ಬೇರೆ ಸಂಬಂಧ ಗಟ್ಟಿಮಾಡಬೇಡಿ.

ಹುಡುಗ ಅಥವಾ ಹುಡುಗಿ ಈಗ ಈ ಆಸ್ಪತ್ರೆಯ ಮಂಚದ ಮೇಲಿದ್ದರೆ, ಬಂಧುಗಳು ಇಷ್ಟನ್ನು ಪಾಲಿಸಿ:

1. 'ಯಾರವನು? ಯಾರವಳು?' ಎಂಬ ವಿಚಾರಣೆ ವಾರ್ಡಿನಲ್ಲಿ ಬೇಡ. 'ನೀನು ಉಳಿದೆಯಲ್ಲ, ಸಾಕು' ಎಂಬ ಒಂದು ಮಾತು ಮೊದಲು ಬರಲಿ.

2. ಏನು ಸೇವಿಸಿದ್ದರೆಂದು ವೈದ್ಯರಿಗೆ ನಿಜ ಹೇಳಿ. 'ತಪ್ಪಿ ಕುಡಿದ' ಎಂದು ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಒಂದು ಕ್ರಮ, ಅದಕ್ಕೆ ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ.

3. ನೋಡಲು ಬಂದವರಿಗೆಲ್ಲ ಕಥೆ ಹೇಳಬೇಡಿ. ಊರ ಬಾಯಿಗೆ ಬಿದ್ದ ಮಗುವಿಗೆ ಮನೆಗೆ ಮರಳುವುದೇ ಭಯವಾಗುತ್ತದೆ.

4. ಬಿಡುಗಡೆಯಾದ ಮೇಲಿನ ವಾರಗಳು ನಾಜೂಕಿನವು. ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಮನೆಯೊಳಗೆ ಇಡಬೇಡಿ. ಬೀಗ ಹಾಕಿ ಬೇರೆಡೆ ಇಡಿ, ಕೀಲಿ ಒಬ್ಬರ ಬಳಿ ಇರಲಿ.

5. ವೈದ್ಯರು ಹೇಳಿದ ದಿನ ತಪ್ಪದೆ ಮತ್ತೆ ಬನ್ನಿ. ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ.

ನೆರವು ದೂರವಿಲ್ಲ. ಟೆಲಿ-ಮನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮಹಿಳೆಯರಿಗೆ 181, ಹದಿನೆಂಟು ತುಂಬದ ಮಕ್ಕಳಿಗೆ 1098, ಬೆದರಿಕೆ ಅಥವಾ ಹಲ್ಲೆ ಇದ್ದರೆ 112. ಗದಗದ ಜಿಮ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ ಇಟ್ಟುಕೊಳ್ಳಿ.

ಬಂಧುಗಳೇ, ಮಕ್ಕಳ ಪ್ರೀತಿಯನ್ನು ನೀವು ಒಪ್ಪಲೇಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ನಿಮ್ಮ ಮುಂದೆ ಹೇಳುವಷ್ಟು ಧೈರ್ಯ ಅವರಿಗಿರಲಿ. ಇಂದು ಸಂಜೆ ಮನೆಗೆ ಫೋನ್ ಮಾಡಿದಾಗ, ದೂರದ ಊರಿನಲ್ಲಿರುವ ಮಗ-ಮಗಳಿಗೂ ಒಂದು ಕರೆ ಮಾಡಿ. ಫೀಸು, ಪಗಾರ ಕೇಳುವ ಮೊದಲು 'ಮನಸ್ಸಿಗೆ ಆರಾಮ ಇದ್ದೀಯಾ?' ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿದ್ದು ಕೇಳಿಸಿಕೊಳ್ಳಿ.

ಎಲ್ಲರೂ ಬೇಗ ಗುಣಮುಖರಾಗಿ ಮನೆ ಸೇರಿರಿ. ಶರಣು.