ಅರವತ್ತೊಂದನೆಯ ಮಗು

ಸರ್ಕಾರಿ ಶಾಲೆಯನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಸೋರುವ ಸೂರಿನಿಂದ ಆರಂಭಿಸುತ್ತಾರೆ. ನಾನು ಹಾಜರಿ ಪುಸ್ತಕದಿಂದ ಆರಂಭಿಸುತ್ತೇನೆ. ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವುದರಲ್ಲೇ ತಲೆ ನರೆತವನು ನಾನು. ಚಂಪೂಕಾವ್ಯಗಳಿಗಿಂತ ಹೆಚ್ಚಾಗಿ ನಾನು ಓದಿರುವ ಗ್ರಂಥ ಇದೇ ಎಂದರೆ ತಾವು ನಗಬಾರದು. ಇದರಲ್ಲಿ ಕಥೆಯೂ ಉಂಟು, ಕರುಣರಸವೂ ಉಂಟು. ಶಾಲೆಗೆ ಎಷ್ಟು ಮಂದಿ ಉಪಾಧ್ಯಾಯರು, ಎಷ್ಟು ಹಣ ಎಂಬುದೆಲ್ಲ ಕಡೆಗೆ ಈ ಪುಸ್ತಕದ ಕೆಳಸಾಲಿನಲ್ಲಿ ಬರೆಯುವ ಮೊತ್ತಕ್ಕೆ ಕಟ್ಟುಬಿದ್ದಿದೆ.

ನಮ್ಮ ಹಿರಿಯರ ಕಾಲದಲ್ಲಿ ಕೂಲಿಮಠಗಳಿದ್ದುವು. ಜಗುಲಿಯ ಮೇಲೆ ಮರಳು ಹಾಸಿ ಐಗಳು ಅಕ್ಷರ ತಿದ್ದಿಸುತ್ತಿದ್ದರು. ಮನೆಯವರು ಕೊಡುವ ಪಡಿ, ಕಾಸು, ಹಬ್ಬದ ದಿನ ಒಂದು ಪಂಚೆ, ಇಷ್ಟೇ ಅವರ ಜೀವನೋಪಾಯ. ಮಕ್ಕಳು ಕಡಮೆಯಾದರೆ ಐಗಳ ಒಲೆಯೂ ತಣ್ಣಗಾಗುತ್ತಿತ್ತು. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದಿತು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಆಯಿತು. ಮೇಷ್ಟರ ಸಂಬಳ ಖಜಾನೆಯಿಂದ ಬರತೊಡಗಿದ ಮೇಲೆ ಪಡಿಯ ಲೆಕ್ಕ ಮುಗಿಯಿತೆಂದು ಎಲ್ಲರೂ ತಿಳಿದರು. ಲೆಕ್ಕ ಮುಗಿಯಲಿಲ್ಲ. ಊರಿನ ಜಗುಲಿಯಿಂದ ಎದ್ದು ಇಲಾಖೆಯ ಮೇಜಿನ ಮೇಲೆ ಹೋಗಿ ಕುಳಿತಿತು, ಅಷ್ಟೆ.

2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯನ್ನು ತಾವು ಕೇಳಿರುತ್ತೀರಿ. ಒಳ್ಳೆಯ ಕಾಯಿದೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರ ಅನುಸೂಚಿಯಲ್ಲಿ ಒಂದು ಕೋಷ್ಟಕವಿದೆ. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು. 60 ಮಕ್ಕಳಿದ್ದರೂ 6 ಮಕ್ಕಳಿದ್ದರೂ ತರಗತಿಗಳು ಐದೇ ಎಂಬುದನ್ನು ಮಾತ್ರ ಈ ಕೋಷ್ಟಕ ಕೇಳುವುದಿಲ್ಲ.

ಒಂದು ಊರನ್ನು ಊಹಿಸಿಕೊಳ್ಳಿ. ಶಾಲೆಯಲ್ಲಿ 62 ಮಕ್ಕಳು, ಮೂವರು ಮೇಷ್ಟರು. ಒಂದರಿಂದ ಮೂರರವರೆಗಿನ ಮಕ್ಕಳನ್ನು ನಲಿ-ಕಲಿ ಪದ್ಧತಿಯಲ್ಲಿ ಒಟ್ಟಿಗೆ ಕೂಡಿಸಿ ಒಬ್ಬರು ನೋಡಿಕೊಳ್ಳುತ್ತಾರೆ. ಇದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಉಪಾಧ್ಯಾಯರೇ ಕೂಡಿ ಬೆಳೆಸಿದ ಪದ್ಧತಿ. ನಮ್ಮವರ ಬುದ್ಧಿವಂತಿಕೆಗೆ ಸಾಕ್ಷಿ. ಉಳಿದಿಬ್ಬರು ನಾಲ್ಕು, ಐದು ತರಗತಿಗಳನ್ನು ಹಂಚಿಕೊಳ್ಳುತ್ತಾರೆ. ಜೂನ್ ತಿಂಗಳಲ್ಲಿ ಹಳದಿ ಬಣ್ಣದ ವ್ಯಾನೊಂದು ಊರ ಬಾಗಿಲಿಗೆ ಬರುತ್ತದೆ. ಇಬ್ಬರು ಮಕ್ಕಳು ಅದನ್ನು ಹತ್ತುತ್ತಾರೆ. ಇಬ್ಬರೇ! ಆದರೆ ಮೊತ್ತ 60ಕ್ಕೆ ಇಳಿಯಿತು. ಮೂರನೆಯ ಮೇಷ್ಟರು 'ಹೆಚ್ಚುವರಿ' ಎನ್ನಿಸಿಕೊಂಡರು. ನಿನ್ನೆಯವರೆಗೆ ಸಾಲದೆ ಇದ್ದವರು ಇವತ್ತು ಹೆಚ್ಚಾದದ್ದು ಯಾವ ವ್ಯಾಕರಣದಿಂದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮುಂದಿನ ವರ್ಗಾವಣೆಯಲ್ಲಿ ಅವರು ಹೊರಟುಹೋಗುತ್ತಾರೆ. ಉಳಿದಿಬ್ಬರಲ್ಲಿ ಒಬ್ಬರಿಗೆ ಬಿಸಿಯೂಟದ ಅಕ್ಕಿಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಚುನಾವಣೆಯ ಪಟ್ಟಿ, ಗಣತಿ, ಮೇಲಿನ ಕಚೇರಿಯ ಸಭೆ. ತಂದೆತಾಯಿಗಳಿಗೆ ಕಣ್ಣಿದೆ, ನೋಡುತ್ತಾರೆ. ಮುಂದಿನ ಜೂನ್‌ನಲ್ಲಿ ವ್ಯಾನು ಹತ್ತುವವರು ಹತ್ತು ಮಂದಿ.

ಹಣದ ಕಥೆಯೂ ಇದೇ ಬಗೆಯದು. ಸಂಬಳವನ್ನು ಬಿಟ್ಟು, ಸುಣ್ಣಬಣ್ಣ, ಸೀಮೆಸುಣ್ಣ, ಕಕ್ಕಸಿನ ನೈರ್ಮಲ್ಯ, ಸಣ್ಣಪುಟ್ಟ ರಿಪೇರಿಗೆಂದು ಶಾಲೆಯ ಕೈಗೆ ಬರುವುದು ವಾರ್ಷಿಕ ಅನುದಾನ. ಕೇಂದ್ರ 60, ರಾಜ್ಯ 40 ಎಂಬ ಪಾಲಿನ ಸಮಗ್ರ ಶಿಕ್ಷಣ ಯೋಜನೆ 2018ರಲ್ಲಿ ಬಂದ ಮೇಲೆ ಅದೂ ತಲೆಯೆಣಿಕೆಗೆ ಬಿದ್ದಿತು. ನೂರು ದಾಟಿ ಇನ್ನೂರೈವತ್ತರವರೆಗೆ ಮಕ್ಕಳಿದ್ದರೆ 50,000 ರೂಪಾಯಿ; ನೂರರೊಳಗಾದರೆ 25,000; ತೀರ ಚಿಕ್ಕ ಶಾಲೆಗೆ ಇನ್ನೂ ಕಡಮೆ. ಮಕ್ಕಳು ಅರ್ಧವಾದರೆ ಹೆಂಚೂ ಅರ್ಧವೇ ಒಡೆಯುವುದೆ? ಅದೇ ಕಾಯಿದೆಯ ಪ್ರಕಾರ ಖಾಸಗಿ ಶಾಲೆಗಳ ನೂರಕ್ಕೆ 25 ಸ್ಥಾನಗಳಿಗೆ ಬಡಮಕ್ಕಳನ್ನು ಕಳಿಸಿ ಶುಲ್ಕವನ್ನು ಸರ್ಕಾರವೇ ತೆತ್ತಿತು. ಹೋದ ಮಗು ತನ್ನ ತಲೆಯೆಣಿಕೆಯನ್ನೂ ಜೊತೆಗೆ ಒಯ್ದಿತು. ಹತ್ತಿರದಲ್ಲೇ ಸರ್ಕಾರಿ ಶಾಲೆ ಇರುವೆಡೆ ಹೀಗೆ ಕಳಿಸಬೇಕಾಗಿಲ್ಲವೆಂದು ನಮ್ಮ ರಾಜ್ಯ ನಿಯಮ ತಿದ್ದಿದುದು 2019ರಲ್ಲಿ. ಮಕ್ಕಳನ್ನು ಹಿಡಿದು ನಿಲ್ಲಿಸಲು ಅದೇ ವರ್ಷ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟರು. ಅದು ಸರಿಯೆ ಎಂದು ಕನ್ನಡ ಪಂಡಿತನನ್ನು ಕೇಳಿದರೆ ಉತ್ತರ ತಮಗೆ ಗೊತ್ತೇ ಇದೆ. ನನ್ನ ದೂರು ಬೇರೆ: ಇದ್ದ ಮೇಷ್ಟರಿಗೇ ಕೆಲವು ದಿನದ ತರಬೇತಿ ಕೊಟ್ಟು ಆ ವಿಭಾಗವನ್ನೂ ಅವರ ಹೆಗಲಿಗೇ ಏರಿಸಿದರು.

ಉಪಾಧ್ಯಾಯರು ಇಲ್ಲವೇ ಇಲ್ಲವೆಂದಲ್ಲ. ಪಟ್ಟಣದ ಸುತ್ತ ಬೇಕಾದಷ್ಟು ಮಂದಿ. ಬಸ್ಸು ತಿರುಗುವ ಕಡೆಯ ಊರಿನಲ್ಲಿ ಖಾಲಿ ಹುದ್ದೆ. ಎಲ್ಲರಿಗೂ ಸಂಸಾರವಿದೆ, ನಾನು ಯಾರನ್ನೂ ದೂರುವುದಿಲ್ಲ. ಇದಕ್ಕಾಗಿಯೇ 2007ರಲ್ಲಿ ವರ್ಗಾವಣೆಗೆ ಒಂದು ಕಾಯಿದೆ ಮಾಡಿದರು, 2020ರಲ್ಲಿ ಮತ್ತೊಂದು. ಖಾಲಿ ಜಾಗವನ್ನು ತುಂಬುವವರು ಅತಿಥಿ ಶಿಕ್ಷಕರು. ಅತಿಥಿಯನ್ನು ದೇವರೆಂದು ಕರೆದ ನಾಡು ನಮ್ಮದು. ಈ ಅತಿಥಿಗಳಿಗೆ 2025-26ರ ಮುಂಗಡಪತ್ರದಲ್ಲಿ ತಿಂಗಳಿಗೆ ಎರಡು ಸಾವಿರ ಏರಿಸಿದ ಮೇಲೂ ಗೌರವಧನ ಹನ್ನೆರಡು ಸಾವಿರದ ಆಸುಪಾಸು.

ಇನ್ನು ಹಾಜರಿ ಪುಸ್ತಕದ ಹೆಸರುಗಳನ್ನು ನೋಡೋಣ. ತಾವು ಓದಿದ ಕಾಲದ ಸರ್ಕಾರಿ ಶಾಲೆಯಲ್ಲಿ ಶಾನುಭೋಗರ ಮಗ, ಗೌಡರ ಮಗ, ಅಂಗಡಿ ಶೆಟ್ಟರ ಮಗ, ಜೀತದವನ ಮಗ ಒಂದೇ ಮಣೆಯ ಮೇಲೆ ಕುಳಿತಿರದಿದ್ದರೂ ಒಂದೇ ಸೂರಿನಡಿ ಇದ್ದರು. ಈಗ ಉಳಿದಿರುವುದು ಹೆಚ್ಚಾಗಿ ಕೂಲಿಯವರ ಮಕ್ಕಳು. ಒಂದೇ ಮನೆಯಿಂದ ಮಗ ವ್ಯಾನಿನಲ್ಲಿ, ಮಗಳು ನಮ್ಮಲ್ಲಿ ಎಂಬುದೂ ಅಪರೂಪವಲ್ಲ. ಬೆಂಗಳೂರಿನಂಥ ಊರಿನಲ್ಲಾದರೆ ಯಾದಗಿರಿ, ರಾಯಚೂರುಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಬಿಹಾರ, ನೇಪಾಳಗಳಿಂದ ಬಂದವರ ಮಕ್ಕಳು. ಮನೆಯಲ್ಲಿ ಮೈಥಿಲಿಯನ್ನೋ ನೇಪಾಳಿಯನ್ನೋ ಆಡುವ ಹುಡುಗ ನಮ್ಮಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದುತ್ತಾನೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಬಹುಕಾಲದಿಂದ ಪ್ರಥಮ ಭಾಷೆಗೆ 125 ಅಂಕ, ಮಿಕ್ಕವಕ್ಕೆ ನೂರು. ಅತ್ತ ಕನ್ನಡ ಮನೆಮಾತಿನ ಹುಡುಗ ಊರಾಚೆಯ ದೊಡ್ಡ ಶಾಲೆಯಲ್ಲಿ ಇಂಗ್ಲಿಷನ್ನೋ ಸಂಸ್ಕೃತವನ್ನೋ ಪ್ರಥಮ ಭಾಷೆಯಾಗಿ ಹಿಡಿಯುತ್ತಾನೆ. ರಗಳೆ, ಷಟ್ಪದಿಗಳನ್ನು ಯಾರ ಬಾಯಲ್ಲಿ ಕೇಳಬೇಕೆಂದು ನಾನು ಪಂಡಿತ ಪರೀಕ್ಷೆಗೆ ಕುಳಿತಾಗ ಊಹಿಸಿದ್ದೆನೋ ಅವರ ಬಾಯಲ್ಲಿ ಕೇಳಲಿಲ್ಲ. ಕೇಳಿದೆನಂತೂ ನಿಜ.

ಇಲ್ಲಿ ಒಂದು ಮಾತನ್ನು ಮುಚ್ಚಿಟ್ಟರೆ ತಮಗೆ ಅನ್ಯಾಯ ಮಾಡಿದಂತೆ. ನನ್ನ ಮಗನ ಹೆಸರು ಯಾವ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಅವನೂ ವ್ಯಾನು ಹತ್ತಿದವನೇ. ಮನೆಯಲ್ಲಿ ಮಾತಾಯಿತು, ನಾನು ಸೋತೆ ಎಂದು ಬಹಳ ದಿನ ಹೇಳಿಕೊಂಡೆ; ನಿಜವಾಗಿ ನಾನು ಹೆಚ್ಚು ಹೊತ್ತು ವಾದಿಸಲೂ ಇಲ್ಲ. ಮರುವರ್ಷ ನಮ್ಮ ಬೀದಿಯ ಬಡಗಿ ತನ್ನ ಮಗನನ್ನು ಬಿಡಿಸಿಕೊಂಡು ಹೋದ. "ಮೇಷ್ಟರ ಮಗನೇ ಅಲ್ಲಿಗೆ ಹೋಗ್ತಾನಲ್ಲ ಸ್ವಾಮಿ" ಎಂದ. ಆ ಶಾಲೆಯ ಮೊತ್ತ ಆಗ ಎಷ್ಟಿತ್ತೆಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.

ಎಣಿಕೆಗೊಂದು ದಿನವೂ ಇದೆ. ದೇಶದ ಶಾಲೆಗಳ ಅಂಕಿಅಂಶಕ್ಕೆ ಬಹುಕಾಲ ಸೆಪ್ಟೆಂಬರ್ 30ರ ಸಂಖ್ಯೆಯೇ ಪ್ರಮಾಣವಾಗಿತ್ತು. ಕಬ್ಬು ಕಡಿಯುವವರು ಊರು ಬಿಡುವುದು ದಸರಾ ದೀಪಾವಳಿಗಳ ಸುಮಾರಿನಲ್ಲಿ. ಹಿಂಗಾರು ಕೈಕೊಟ್ಟವರು ಪಟ್ಟಣ ಸೇರುವುದು ಅದರ ಮೇಲೆ. ಮಗು ಬಿಟ್ಟುಬಂದ ಊರಿನಲ್ಲಿ ಎಣಿಕೆಯಾಗಿರುತ್ತದೆ, ಸೇರಿದ ಊರಿನಲ್ಲಿ ಕಲಿಯುತ್ತಿರುತ್ತದೆ. ವರ್ಷದ ನಡುವೆ ಬಂದರೂ, ಕೈಯಲ್ಲಿ ಕಾಗದವಿಲ್ಲದೆ ಬಂದರೂ ಸೇರಿಸಿಕೊಳ್ಳಬೇಕೆಂದು ಕಾಯಿದೆ ಹೇಳುತ್ತದೆ, ಸೇರಿಸಿಕೊಳ್ಳುತ್ತೇವೆ.

ಹೀಗೆ ಒಂದು ನವೆಂಬರ್‌ನಲ್ಲಿ ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದ. ತಂದೆ ಕಟ್ಟುತ್ತಿದ್ದ ಕಟ್ಟಡದ ನೆಲಮಾಳಿಗೆಯಲ್ಲೇ ವಾಸ. ನಮ್ಮ ಊರಿನಲ್ಲಿ ನಾಲ್ಕನೆಯ ತರಗತಿಯಿಂದ ಅಲ್ಲಿ ಇಲ್ಲಿ ಓದಿದ್ದನಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದೇಶಸಂಧಿ ಹೇಳುತ್ತಿದ್ದೆ. 'ಬೆಟ್ಟದಾವರೆ'ಯನ್ನು ಬಿಡಿಸಿ ಎಂದಾಗ ಅವನೊಬ್ಬನೇ ಎದ್ದು ಬೆಟ್ಟ, ತಾವರೆ ಎಂದ. ತಕಾರ ಎಲ್ಲಿಗೆ ಹೋಯಿತೆಂದರೆ, ದಕಾರ ಬಂದು ಅದರ ಜಾಗದಲ್ಲಿ ಕೂತಿತು ಎಂದ. ಫೆಬ್ರವರಿಗೆ ಕಟ್ಟಡ ಮುಗಿಯಿತು. ತಂದೆ ಬಂದು ವರ್ಗಾವಣೆ ಪತ್ರ ಕೇಳಿದ. ಗುಮಾಸ್ತರಿಲ್ಲದ ದಿನ, ವಿವರಗಳನ್ನು ನಾನೇ ತುಂಬಿದೆ. ಮಾತೃಭಾಷೆ ಎಂಬಲ್ಲಿ ಮೈಥಿಲಿ ಎಂದು ಬರೆದು, ಓದಿದ ಪ್ರಥಮ ಭಾಷೆ ಎಂಬಲ್ಲಿ ಕನ್ನಡ ಎಂದು ಬರೆದೆ. ಆಮೇಲೆ ಹಾಜರಿ ಪುಸ್ತಕ ತೆಗೆದು ಕೆಂಪು ಶಾಯಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದು, ಕೆಳಗಿನ ಮೊತ್ತದಲ್ಲಿ ಒಂದನ್ನು ಕಳೆದೆ.