ಸಣ್ಣ ಸಂಬಳದ ಮೊದಲ ಎರಡು ವರ್ಷಗಳು



ಮುಂಬಯಿಗೆ ಬಂದ ಕನ್ನಡಿಗರ ಹಿಂದಿನ ತಲೆಮಾರಿನ ಕಥೆ ಈ ಸಭೆಗೆ ಹೊಸದಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತರಾಗಿ, ವಕೀಲರಾಗಿ, ಉದ್ಯಮಿಗಳಾಗಿ ಬೆಳೆದವರು ಅನೇಕರು. ಅಂಥವರನ್ನು ಇಂದು ವೇದಿಕೆಗೆ ಕರೆದು ಶಾಲು ಹೊದಿಸಲಾಗುತ್ತದೆ. ಆದರೆ ಅವರದೇ ಮೊಮ್ಮಗ ಡೇಟಾ ಸೆಂಟರೊಂದರಲ್ಲಿ ರಾತ್ರಿಪಾಳಿಯ ತಂತ್ರಜ್ಞನಾಗಿ ಸಣ್ಣ ಸಂಬಳಕ್ಕೆ ಸೇರಿದರೆ, ಮನೆಯವರು ಆ ಸುದ್ದಿಯನ್ನು ನೆಂಟರಿಂದ ಮುಚ್ಚಿಡುತ್ತಾರೆ. ಹಗಲು ದುಡಿದು ರಾತ್ರಿ ಓದಿದವನಿಗೆ ಸನ್ಮಾನ, ರಾತ್ರಿ ದುಡಿದು ಹಗಲು ಓದಬೇಕಾದವನಿಗೆ ಸಂಕೋಚ. ಈ ವಿರೋಧಾಭಾಸವೇ ಇಂದಿನ ವಿಷಯ.

ಮೊದಲು ಆ ಉದ್ಯೋಗದ ಸ್ವರೂಪವನ್ನು ತಿಳಿಯುವುದು ಒಳಿತು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ಪಾವತಿ ವ್ಯವಸ್ಥೆಗಳ ದತ್ತಾಂಶವನ್ನು ಭಾರತದಲ್ಲಿಯೇ ಇರಿಸಬೇಕೆಂದು ಆದೇಶಿಸಿತು. 2022ರ ಕೇಂದ್ರ ಮುಂಗಡಪತ್ರವು ಡೇಟಾ ಸೆಂಟರುಗಳಿಗೆ ಮೂಲಸೌಕರ್ಯದ ಸ್ಥಾನಮಾನವನ್ನು ಘೋಷಿಸಿತು. ಸಮುದ್ರದಡಿಯ ಕೇಬಲ್ಲುಗಳು ದಡ ಸೇರುವ ಮುಂಬಯಿ ಮತ್ತು ಚೆನ್ನೈ ನಗರಗಳು ಇವುಗಳಿಗೆ ಸಹಜ ನೆಲೆಯಾದವು. ಐರೋಲಿ, ರಬಾಳೆ, ಮಹಾಪೆಗಳ ಕೈಗಾರಿಕಾ ಪ್ರದೇಶದಲ್ಲಿ ಕಿಟಕಿಗಳಿಲ್ಲದೆ ಎದ್ದು ನಿಂತಿರುವ ಕಟ್ಟಡಗಳು ಇಂಥವೇ. ಬೀದಿಬದಿಯ ತರಕಾರಿ ಅಂಗಡಿಯಲ್ಲಿ ಮೊಬೈಲಿನಿಂದ ತೆತ್ತ ಹತ್ತು ರೂಪಾಯಿಯ ಲೆಕ್ಕವೂ ಇಂಥ ಯಾವುದೋ ಕಟ್ಟಡದ ಸರ್ವರಿನಲ್ಲಿ ಬರೆಯಲ್ಪಡುತ್ತದೆ.

ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಿಂದ ಡಿಪ್ಲೊಮಾ ಮುಗಿಸಿ ಬಂದ ತರುಣನೊಬ್ಬನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಪಾಳಿ ಆರಂಭವಾದೊಡನೆ ಅವನು ಸಭಾಂಗಣದಷ್ಟು ದೊಡ್ಡ ಕೋಣೆಯ ಸುತ್ತು ಹಾಕಿ, ಉಷ್ಣತೆ ಹಾಗೂ ತೇವಾಂಶಗಳನ್ನು ಪಟ್ಟಿಯಲ್ಲಿ ಗುರುತಿಸುತ್ತಾನೆ. ಕೆಟ್ಟ ಡಿಸ್ಕನ್ನು ತೆಗೆದು ಹೊಸದನ್ನು ಕೂರಿಸುತ್ತಾನೆ. ಕೇಬಲ್ ಎಳೆದು ಅದರ ಎರಡೂ ತುದಿಗೆ ಹೆಸರುಪಟ್ಟಿ ಅಂಟಿಸುತ್ತಾನೆ. ದೂರದ ನಗರದಲ್ಲಿರುವ ಎಂಜಿನಿಯರನು ಫೋನಿನಲ್ಲಿ ಹೇಳಿದಂತೆ ಸರ್ವರಿನ ದೀಪದ ಬಣ್ಣವನ್ನು ನೋಡಿ ತಿಳಿಸುತ್ತಾನೆ. ಡೀಸೆಲ್ ಜನರೇಟರಿನ ಪರೀಕ್ಷೆಯ ವೇಳೆ ಪಕ್ಕದಲ್ಲಿ ನಿಂತು ಅಂಕಿಗಳನ್ನು ಬರೆದುಕೊಳ್ಳುತ್ತಾನೆ.

ಹೊರನೋಟಕ್ಕೆ ಇದು ಕೂಲಿಯಂತೆಯೇ ಕಾಣುತ್ತದೆ. ಆದರೆ ಮೂರನೆಯ ಶ್ರೇಣಿಯ ಡೇಟಾ ಸೆಂಟರಿನಿಂದ ನಿರೀಕ್ಷಿಸುವ ಲಭ್ಯತೆ ಶೇಕಡಾ 99.982. ಅಂದರೆ ವರ್ಷದ 8,760 ಗಂಟೆಗಳಲ್ಲಿ ನಿಲುಗಡೆಗೆ ಅವಕಾಶವಿರುವುದು ಸುಮಾರು 1.6 ಗಂಟೆ ಮಾತ್ರ. ತಪ್ಪಾದ ಒಂದು ಕೇಬಲನ್ನು ಕಿತ್ತರೆ ಆ ಅವಕಾಶ ಒಂದೇ ರಾತ್ರಿಯಲ್ಲಿ ಮುಗಿದುಹೋಗಬಹುದು. ಆದ್ದರಿಂದಲೇ ಅನುಮತಿಯಿಲ್ಲದೆ ಮುಟ್ಟಬಾರದು, ಮುಟ್ಟುವ ಮೊದಲು ಕ್ರಮವನ್ನು ಬರೆದಿಡಬೇಕು, ಮುಟ್ಟಿದ ಮೇಲೆ ಆದದ್ದನ್ನು ದಾಖಲಿಸಬೇಕು ಎಂಬ ನಿಯಮ ಅಲ್ಲಿ ಕಟ್ಟುನಿಟ್ಟಾಗಿದೆ. ಈ ಶಿಸ್ತನ್ನು ಯಾವ ಕಾಲೇಜೂ ಕಲಿಸಿಲ್ಲ. ನೆಟ್‌ವರ್ಕ್, ಲಿನಕ್ಸ್, ಸ್ಟೋರೇಜ್, ಮಾಹಿತಿ ಭದ್ರತೆ, ವಿದ್ಯುತ್ ಹಾಗೂ ಶೀತಲ ವ್ಯವಸ್ಥೆಗಳ ನಿರ್ವಹಣೆ, ಈ ಐದೂ ದಾರಿಗಳು ಆ ಕೋಣೆಯಿಂದಲೇ ಕವಲೊಡೆಯುತ್ತವೆ.

ಇನ್ನು ಸಂಬಳದ ಮಾತು. ನೇಮಕಾತಿ ಪತ್ರದಲ್ಲಿ ವರ್ಷಕ್ಕೆ 2,40,000 ರೂಪಾಯಿ ಎಂದಿದ್ದರೆ ತಿಂಗಳಿಗೆ 20,000 ಕೈಗೆ ಬರುವುದೆಂದು ತಂದೆ ಲೆಕ್ಕ ಹಾಕುತ್ತಾರೆ. ಮೂಲವೇತನ 12,000 ಎಂದಿಟ್ಟುಕೊಂಡರೆ, ಆ 20,000ದೊಳಗೆ ಉದ್ಯೋಗದಾತನ ಭವಿಷ್ಯನಿಧಿಯ ಪಾಲು 1,440, ಅವಧಿ ತುಂಬದೆ ಕೈಗೆ ಬಾರದ ಗ್ರಾಚ್ಯುಟಿಯ ಸುಮಾರು 577, ಇಎಸ್‌ಐ ಪಾಲು ಇವೆಲ್ಲ ಮೊದಲೇ ಸೇರಿರುತ್ತವೆ. ಉಳಿಯುವ ಸುಮಾರು 17,400ರಿಂದ ನೌಕರನ ಭವಿಷ್ಯನಿಧಿ, ಇಎಸ್‌ಐ ಹಾಗೂ ವೃತ್ತಿತೆರಿಗೆಗಳನ್ನು ಕಳೆದರೆ ಕೈಗೆ ಬರುವುದು 15,600ರ ಆಸುಪಾಸು. ಹಂಚಿಕೊಂಡ ಕೋಣೆಯ ಬಾಡಿಗೆ, ಊಟ, ಲೋಕಲ್ ರೈಲಿನ ಪಾಸು ಕಳೆದ ಮೇಲೆ ನಾಲ್ಕೈದು ಸಾವಿರ ಉಳಿದರೆ ಅದೇ ಭಾಗ್ಯ.

ಆದರೂ ಕಡಿತವಾದ ಹಣವೆಲ್ಲ ನಷ್ಟವಲ್ಲ. ತಿಂಗಳ ವೇತನ 21,000ದೊಳಗಿದ್ದರೆ ದೊರೆಯುವ ಇಎಸ್‌ಐ ಸೌಲಭ್ಯದಲ್ಲಿ ನೌಕರನ ಮೇಲೆ ಅವಲಂಬಿತರಾದ ತಂದೆತಾಯಿಯ ಚಿಕಿತ್ಸೆಯೂ ಸೇರಿದೆ. ಊರಿನಲ್ಲಿ ಕಾಯಿಲೆ ಬಿದ್ದ ತಾಯಿಗಾಗಿ ಸಾಲ ಮಾಡುವ ಮಗನಿಗೆ, ತನ್ನ ಜೇಬಿನಲ್ಲಿರುವ ಕಾರ್ಡಿನ ಅರ್ಥವೇ ತಿಳಿದಿರುವುದಿಲ್ಲ. ಗುತ್ತಿಗೆದಾರನ ಮೂಲಕ ಸೇರಿದವನು ಇನ್ನೂ ಎಚ್ಚರವಾಗಿರಬೇಕು. ಕಡಿತವಾದ ಹಣ ನಿಜವಾಗಿ ಜಮೆಯಾಗಿದೆಯೇ ಎಂದು ಭವಿಷ್ಯನಿಧಿಯ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ತೆರೆದು ನೋಡಬೇಕು. ಗುತ್ತಿಗೆದಾರನು ವೇತನ ಕೊಡದಿದ್ದರೆ ಮುಖ್ಯ ಉದ್ಯೋಗದಾತನೇ ಅದನ್ನು ತೆರಬೇಕೆಂಬ ತತ್ತ್ವ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಿಂದಲೇ ಬಂದದ್ದು.

ಸಣ್ಣ ಸಂಬಳವನ್ನು ಗೌರವಿಸುವುದೆಂದರೆ ಶೋಷಣೆಯನ್ನು ಒಪ್ಪುವುದಲ್ಲ. ಉದ್ಯೋಗ ಕೊಡಿಸಲು ಠೇವಣಿ ಕೇಳುವವರಿಗೆ, ಮೂಲ ಅಂಕಪಟ್ಟಿಯನ್ನು ಒತ್ತೆಯಿಡಲು ಹೇಳುವವರಿಗೆ ಬೆನ್ನು ತಿರುಗಿಸುವುದೇ ವಿವೇಕ. ಅಲ್ಲದೆ, ಕಡಿಮೆ ಸಂಬಳದ ಎಲ್ಲ ಕೆಲಸವೂ ಏಣಿಯ ಮೊದಲ ಮೆಟ್ಟಿಲಲ್ಲ. ಬಂದವರ ಹೆಸರು ಬರೆದುಕೊಂಡು ಬಾಗಿಲು ತೆರೆಯುವುದರಲ್ಲೇ ಎರಡು ವರ್ಷ ಕಳೆದರೆ ಅದು ಕಲಿಕೆಯಲ್ಲ, ಕಾವಲು. ಆರು ತಿಂಗಳಿಗೊಮ್ಮೆ ತರುಣನು ಒಂದು ಹಾಳೆಯಲ್ಲಿ ಬರೆಯಬೇಕು: ಕಳೆದ ಬಾರಿ ಇನ್ನೊಬ್ಬರ ನೆರವಿಲ್ಲದೆ ಮಾಡಲಾಗದಿದ್ದ ಯಾವ ಕೆಲಸವನ್ನು ಈಗ ಒಬ್ಬನೇ ಮಾಡಬಲ್ಲೆ? ಎರಡು ಬಾರಿ ಆ ಹಾಳೆ ಖಾಲಿ ಉಳಿದರೆ, ಪಾಳಿ ಬದಲಿಸುವಂತೆ ಕೇಳಬೇಕು, ಇಲ್ಲವೇ ಕೆಲಸ ಬದಲಿಸಬೇಕು.

ಈಗ ಸಮಾಜದ ಖಾತೆಯನ್ನು ತೆರೆಯೋಣ. ಪದವಿ ಮುಗಿಯುವವರೆಗೆ ವಿದ್ಯಾನಿಧಿಗಳಿವೆ, ರ್‍ಯಾಂಕ್ ಪಡೆದವರಿಗೆ ಪುರಸ್ಕಾರಗಳಿವೆ. ಪದವಿ ಮುಗಿದ ಮರುದಿನದಿಂದ ಮೊದಲ ಸರಿಯಾದ ಸಂಬಳದವರೆಗಿನ ಎರಡು ವರ್ಷಗಳಿಗೆ ಮಾತ್ರ ಏನೂ ಇಲ್ಲ. ನೆಟ್‌ವರ್ಕ್ ಕ್ಷೇತ್ರದ ಪ್ರವೇಶಮಟ್ಟದ ಸಿಸಿಎನ್‌ಎ ಪರೀಕ್ಷೆಯ ಶುಲ್ಕ 300 ಡಾಲರು. ತೆರಿಗೆ ಸೇರಿದರೆ ಅದು ಈ ತರುಣನ ಹೆಚ್ಚುಕಡಿಮೆ ಎರಡು ತಿಂಗಳ ಕೈಸಂಬಳ. ಹಣವಿಲ್ಲದೆ ಪರೀಕ್ಷೆಯನ್ನು ಮುಂದೂಡಿದವನು ವರ್ಷಗಟ್ಟಲೆ ಅದೇ ಪಾಳಿಯಲ್ಲಿ ಉಳಿಯುತ್ತಾನೆ. ಅಂಥವನಿಗೆ ಬೇಕಾದದ್ದು ದಾನವಲ್ಲ. ಪರೀಕ್ಷಾ ಶುಲ್ಕಕ್ಕೆ ಬಡ್ಡಿಯಿಲ್ಲದ ಸಾಲ, ಸಂಬಳ ಏರಿದ ಮೇಲೆ ಕಂತಿನಲ್ಲಿ ಮರುಪಾವತಿ, ಹಾಗೂ ಹಗಲಿನಲ್ಲಿ ಓದಿ ಮಲಗಲು ಶಾಂತವಾದ ಒಂದು ಕೋಣೆ. ಒಂದು ಅದ್ದೂರಿ ಸಮಾರಂಭದ ಮಂಟಪದ ಖರ್ಚಿನಲ್ಲಿ ಇಂಥ ನಿಧಿಯನ್ನು ಆರಂಭಿಸಬಹುದು. ಅದರ ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಎಲ್ಲರ ಮುಂದಿಟ್ಟರೆ ಮರಳಿ ಬಂದ ಪ್ರತಿ ಕಂತೂ ಮುಂದಿನ ತರುಣನ ಶುಲ್ಕವಾಗುತ್ತದೆ.

ಹಿರಿಯರಲ್ಲಿ ಮತ್ತೊಂದು ಪ್ರಾರ್ಥನೆ. ವಧುವರರ ಪರಿಚಯ ಪತ್ರದಲ್ಲಿ ಸಂಬಳದ ಅಂಕಿ ಕೇಳುವ ಒಂದು ಸಾಲು ಇದೆ. ಆ ಸಾಲಿಗೆ ಹೆದರಿ ಎಷ್ಟೋ ತರುಣರು ಕೈಗೆ ಬಂದ ಮೊದಲ ಕೆಲಸವನ್ನು ಬಿಟ್ಟು, ಇನ್ನೂ ದೊಡ್ಡದಕ್ಕೆ ಕಾಯುತ್ತ ಕುಳಿತಿದ್ದಾರೆ. ತರುಣಿಯರಿಗಂತೂ ರಾತ್ರಿಪಾಳಿಯ ಹೆಸರೆತ್ತಿದೊಡನೆ ಮನೆಯ ಬಾಗಿಲೇ ಮುಚ್ಚುತ್ತದೆ. ಸಂಸ್ಥೆ ವಾಹನ ಕಳಿಸುತ್ತದೆಯೇ, ಪಾಳಿಯಲ್ಲಿ ಜೊತೆಗಾರರು ಎಷ್ಟು ಮಂದಿ ಎಂದು ವಿಚಾರಿಸಿ ತೀರ್ಮಾನಿಸುವ ಬದಲು, ವಿಚಾರಿಸದೆಯೇ ಬೇಡವೆನ್ನುವುದು ರೂಢಿಯಾಗಿದೆ.

ಬೆಳಗ್ಗೆ ಏಳೂವರೆಗೆ ಐರೋಲಿಯ ಪ್ಲಾಟ್‌ಫಾರಂನಲ್ಲಿ, ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ, ಕೊರಳಲ್ಲಿ ಗುರುತುಪಟ್ಟಿ ಧರಿಸಿ ಎದುರು ದಿಕ್ಕಿನ ರೈಲಿಗಾಗಿ ನಿಂತ ತರುಣರಿರುತ್ತಾರೆ. ಅವರಲ್ಲಿ ಯಾರಾದರೂ ಪರಿಚಿತರ ಮಗನಾಗಿದ್ದರೆ, ಸಂಬಳವೆಷ್ಟೆಂದು ಕೇಳದೆ, ಈ ತಿಂಗಳು ಏನು ಕಲಿತೆಯಪ್ಪಾ ಎಂದು ಕೇಳುವ ಹಿರಿಯರು ಹೆಚ್ಚಲಿ.